ನಿನ್ನ ಕೈ ಏನು ಮಾಡಿತು, ಅದನ್ನು ಬರಿ

ಹಾಸನ

ಪ್ರೀತಿಯ ತಮ್ಮಾ,

ನೀನು ಚಿಕ್ಕಮಗಳೂರಿನಿಂದ ಕಳಿಸಿದ ಲೇಖನ ತಲುಪಿತು. ಎರಡು ಸಲ ಓದಿದೆ. ವಿಡಿಯೋ ಗೇಮ್ ಕಲೆಯೋ ಅಲ್ಲವೋ ಅಂತ ಹನ್ನೆರಡು ಪುಟ ಬರೆದಿದ್ದೀಯ. ಮೊದಲ ಆರು ಪುಟ ತೆಗೆದುಬಿಡು. ಕಲೆ ಅಂದರೆ ಏನು ಅಂತ ಯಾರ್ಯಾರದೋ ಮಾತು ಜೋಡಿಸಿದ್ದೀಯ, ಅಲ್ಲಿ ನೀನೇ ಇಲ್ಲ. ಏಳನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ‘ಪ್ಯಾಸೇಜ್’ ಅನ್ನೋ ಗೇಮ್ ಆಡುವಾಗ ನಿಧಿಯ ಪೆಟ್ಟಿಗೆ ಕಣ್ಣೆದುರಿಗೇ ಇತ್ತು, ಆಟದೊಳಗಿನ ಹೆಂಡತಿ ಜೊತೆಗಿದ್ದಳು, ಹೋಗಲಾಗಲಿಲ್ಲ ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀಯ. ಅಲ್ಲೇ ನಿಲ್ಲಬೇಕಿತ್ತು.

ಆ ಸಾಲು ಓದಿ ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆ ಹುಡುಗಿಯ ಕೈಲಿ ಲ್ಯಾಪ್‌ಟಾಪ್‌ಗೆ ಹಾಕಿಸಿಕೊಂಡು ನಾನೂ ಆಡಿದೆ. ಜೇಸನ್ ರೋರರ್ 2007ರಲ್ಲಿ ಮಾಡಿದ ಆಟ. ಐದೇ ನಿಮಿಷ. ಪರದೆ ಮೇಲೆ ಉದ್ದನೆಯ ಒಂದು ಪಟ್ಟಿ. ಚಿತ್ರ ತೀರಾ ಒರಟು, ಮುಖ ಅಂದರೆ ನಾಲ್ಕಾರು ಚೌಕದ ಚುಕ್ಕಿ. ಎಡದಿಂದ ಬಲಕ್ಕೆ ನಡೆಯಬೇಕು. ಶುರುವಿನಲ್ಲೇ ಒಬ್ಬಳು ನಿಂತಿರುತ್ತಾಳೆ. ಮುಟ್ಟಿದರೆ ಜೊತೆಗೆ ಬರುತ್ತಾಳೆ, ಮುಟ್ಟದೆ ದಾಟಿದರೆ ಕೊನೆವರೆಗೂ ಒಂಟಿ. ಜೊತೆಯಾದ ಮೇಲೆ ಇಬ್ಬರೂ ಅಕ್ಕಪಕ್ಕ ನಡೆಯುತ್ತಾರೆ, ಹಾಗಾಗಿ ಕಿರಿದಾದ ಸಂದಿಗಳಲ್ಲಿ ನುಸುಳೋಕೆ ಆಗುವುದಿಲ್ಲ. ಪೆಟ್ಟಿಗೆಗಳೆಷ್ಟೋ ಆ ಸಂದಿಗಳ ಆಚೆಗೇ ಇವೆ. ನಡೆಯುತ್ತಾ ನಡೆಯುತ್ತಾ ಇಬ್ಬರಿಗೂ ವಯಸ್ಸಾಗುತ್ತದೆ. ಒಂದು ಕಡೆ ಅವಳು ಇಲ್ಲವಾಗುತ್ತಾಳೆ. ಅವಳಿದ್ದ ಜಾಗದಲ್ಲಿ ಒಂದು ಕಲ್ಲು.

ಅಲ್ಲಿಂದ ಮುಂದೆ ಅವನ ನಡಿಗೆ ನಿಧಾನ. ನಾನು ಬಟನ್ ಒತ್ತಿಕೊಂಡೇ ಇದ್ದೆ, ಅವನು ಮೊದಲಿನ ಹಾಗೆ ಹೋಗಲಿಲ್ಲ. ಬಟನ್ ಕೆಟ್ಟಿತೇನೋ ಅಂದುಕೊಂಡು ಇನ್ನೂ ಗಟ್ಟಿಯಾಗಿ ಒತ್ತಿದೆ. ಆಮೇಲೆ ಅರ್ಥವಾಯಿತು. ಅಮ್ಮ ಹೋದ ಮೇಲೆ ನಮ್ಮಪ್ಪ ಹಾಲು ತರೋಕೆ ಬೀದಿ ತುದಿಯವರೆಗೆ ನಡೆಯುತ್ತಿದ್ದದ್ದು ಹೀಗೇ. ‘ಬೇಗ ಬನ್ನಿ ಅಪ್ಪಾ’ ಅಂತ ನಾನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಬಟನ್ ಮೇಲಿಂದ ಬೆರಳು ತೆಗೆಯೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಈಗ ನೋಡು. ಆ ಆಟದಲ್ಲಿ ಮದುವೆ ಬಗ್ಗೆಯಾಗಲಿ ಸಾವಿನ ಬಗ್ಗೆಯಾಗಲಿ ಒಂದು ಮಾತೂ ಇಲ್ಲ. ಇಬ್ಬರಿದ್ದರೆ ಸಂದಿಯಲ್ಲಿ ಹೋಗುವಂತಿಲ್ಲ ಅನ್ನೋ ನಿಯಮ ಇದೆ, ಅಷ್ಟೇ. ಮಾಡಿದವನು ಹೇಳಬೇಕಾದ್ದನ್ನು ನಿಯಮದ ಬಾಯಲ್ಲಿ ಹೇಳಿಸಿದ್ದಾನೆ. ನೀನು ನಿನ್ನ ಲೇಖನದಲ್ಲಿ ಗೇಮ್‌ಗಳ ಪರವಾಗಿ ಏನು ವಾದ ಮಾಡಿದ್ದೀಯ? ಪೇಂಟಿಂಗ್ ಹಾಗೆ ಚಿತ್ರ ಇದೆ, ಸಿನಿಮಾ ಹಾಗೆ ಕಥೆ ಇದೆ, ಸಂಗೀತ ಇದೆ ಅಂತ. ಅದೆಲ್ಲ ಪಕ್ಕದ ಮನೆಯಿಂದ ಎರವಲು ತಂದ ಒಡವೆ. ಆಟದ ಸ್ವಂತ ಆಸ್ತಿ ನಿಯಮ, ಮತ್ತೆ ಆ ನಿಯಮದೊಳಗೆ ಆಡುವವರ ಕೈ ಮಾಡಿದ ಕೆಲಸ. ಅದರ ಬಗ್ಗೆ ಬರಿ.

ಇದೇನು ನಮಗೆ ಹೊಸದಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿ ನಡುಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದರು. ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವ ಹಾಗೆ ಕಲ್ಲಿಗೆ ತೇಯ್ದುಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ನಿಯಮ ಇತ್ತು, ನಿಮ್ಮಲ್ಲೂ ಇದ್ದಿರಬಹುದು: ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಒಳಗೆ ಹೋಗದೆ ಕಾಯಿ ಹಣ್ಣಾಗುವುದಿಲ್ಲ. ಅಜ್ಜಿಗೆ ಬೇಕಾದ ಗರ ಬಿದ್ದರೂ ನನ್ನ ಕಾಯಿ ಕಡಿಯುತ್ತಿರಲಿಲ್ಲ. ಬೇರೆ ಕಾಯಿ ನಡೆಸಿ, ಹೊರಸುತ್ತಿನಲ್ಲೇ ಸುತ್ತುತ್ತಾ ಇರುತ್ತಿದ್ದರು. ‘ಕಡಿ ಅಜ್ಜಿ, ಕಡಿ’ ಅಂತ ನಾನೇ ಹಟ ಮಾಡುತ್ತಿದ್ದೆ. ಅವರು ಬಾಯಿಬಿಟ್ಟು ಮುದ್ದಿನ ಮಾತಾಡಿದ್ದು ನನಗೆ ನೆನಪಿಲ್ಲ. ಆ ಕೈ ನೆನಪಿದೆ. ಕಾಯಿಯ ತನಕ ಬಂದು, ಒಂದು ಗಳಿಗೆ ನಿಂತು, ಪಕ್ಕಕ್ಕೆ ಸರಿಯುತ್ತಿದ್ದ ಕೈ.

ಇನ್ನು ರೋಜರ್ ಎಬರ್ಟ್ ವಿಷಯ. ಆ ಸಿನಿಮಾ ವಿಮರ್ಶಕರನ್ನು ನೀನು ಎರಡು ಪುಟ ಬೈದಿದ್ದೀಯ. ಬೈಗುಳ ಕಮ್ಮಿ ಮಾಡು. 2010ರ ಏಪ್ರಿಲ್‌ನಲ್ಲಿ ಅವರು ವಿಡಿಯೋ ಗೇಮ್ ಎಂದಿಗೂ ಕಲೆ ಆಗಲಾರದು ಅಂತ ಬರೆದರು, ನಿಜ. ಅದೇ ವರ್ಷ ಜುಲೈನಲ್ಲಿ, ಆಡಿದ ಅನುಭವ ಇಲ್ಲದೆ ಹಾಗೆ ಬರೆಯಬಾರದಿತ್ತು ಅಂತಲೂ ಬರೆದರು. ಅಭಿಪ್ರಾಯ ಬದಲಾಯಿಸಲಿಲ್ಲ, ಆದರೆ ತಪ್ಪು ಒಪ್ಪಿಕೊಂಡರು. ಆ ಎರಡನೆಯದನ್ನು ನೀನು ಬಿಟ್ಟಿದ್ದೀಯ. ಸೇರಿಸು. ಎದುರಾಳಿಯ ಪೂರ್ತಿ ಮಾತು ಇಟ್ಟು ಆಮೇಲೆ ಉತ್ತರ ಕೊಟ್ಟರೇ ಓದುವವರಿಗೆ ನಿನ್ನ ಮೇಲೆ ನಂಬಿಕೆ ಬರುವುದು.

ಅವರ ಆಕ್ಷೇಪದಲ್ಲಿ ಹುರುಳಿದೆ. ಕಲಾವಿದ ನಮ್ಮನ್ನು ತಾನು ಅಂದುಕೊಂಡ ಕಡೆಗೆ ಕರೆದುಕೊಂಡು ಹೋಗುತ್ತಾನೆ, ಆಟದಲ್ಲಿ ಆಯ್ಕೆಯೆಲ್ಲ ಆಡುವವನದೇ, ಹಾಗಿದ್ದಮೇಲೆ ಅದು ಹೇಗೆ ಕಲೆ ಅನ್ನುವುದು ಅವರ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಕೆ ನೀನು ಜಾಸ್ತಿ ದೂರ ಹೋಗಬೇಕಿಲ್ಲ. ಹಳೇಬೀಡಿಗೆ ಬಾ. ಹೊಯ್ಸಳೇಶ್ವರದ ಗೋಡೆ ನೇರವಾಗಿಲ್ಲ, ಮೂಲೆ ಮೂಲೆಯಾಗಿ ಮುರಿದುಕೊಂಡು ಹೋಗುತ್ತದೆ. ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ರಾಮಾಯಣ, ಮಹಾಭಾರತ. ನಿಂತಲ್ಲೇ ನಿಂತರೆ ಕಥೆ ಸಿಗುವುದಿಲ್ಲ. ಜಗತಿ ಮೇಲೆ, ಅಂದರೆ ಗುಡಿ ಸುತ್ತಲಿನ ಕಟ್ಟೆ ಮೇಲೆ ನಡೆಯಬೇಕು, ತಿರುವು ತಿರುಗಬೇಕು, ಬೇಕಾದ ಕಡೆ ನಿಲ್ಲಬೇಕು. ಎಲ್ಲಿ ನಿಲ್ಲುತ್ತೀಯ ಅನ್ನುವುದು ನಿನ್ನಿಷ್ಟ. ಆದರೆ ತಿರುವು ಎಲ್ಲಿರಬೇಕು, ತಿರುಗಿದ ಕೂಡಲೇ ಕಣ್ಣಿಗೆ ಏನು ಬೀಳಬೇಕು ಅಂತ ಕಟ್ಟಿದವರು ಆಗಲೇ ತೀರ್ಮಾನ ಮಾಡಿಟ್ಟಿದ್ದಾರೆ. ನಿನ್ನ ಕಾಲಿಗೆ ಬಿಟ್ಟುಕೊಟ್ಟಿದ್ದರಿಂದ ಶಿಲ್ಪಿಯ ಕೆಲಸ ಒಂದಿಷ್ಟೂ ತೆಳುವಾಗಲಿಲ್ಲ.

ಹತ್ತನೇ ಪುಟದಲ್ಲಿ ನ್ಯೂಯಾರ್ಕ್‌ನ ಮೋಮಾ ಅನ್ನೋ ಆಧುನಿಕ ಕಲೆಯ ಮ್ಯೂಸಿಯಂ 2012ರಲ್ಲಿ 14 ಗೇಮ್‌ಗಳನ್ನು ತೆಗೆದುಕೊಂಡಿತು, ಅಲ್ಲಿಗೆ ಚರ್ಚೆ ಮುಗಿಯಿತು ಅಂತ ಬರೆದಿದ್ದೀಯ. ಮುಗಿಯಲಿಲ್ಲ. ಆ ಮ್ಯೂಸಿಯಂ ಅವನ್ನು ಸೇರಿಸಿದ್ದು ಡಿಸೈನ್ ವಿಭಾಗಕ್ಕೆ, ಆಡುವವರ ಜೊತೆ ಅವು ನಡೆದುಕೊಳ್ಳುವ ರೀತಿ ನೋಡಿ. ನಿನಗೆ ಬೇಕಾದ ಅಂಶ ಅಲ್ಲಿದೆ. ಸರ್ಟಿಫಿಕೇಟ್ ಆಗಿ ಬಳಸಬೇಡ. ನಮ್ಮ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದ್ದು 2023ರಲ್ಲಿ. ಅದಕ್ಕೆ ಮುಂಚೆ ಅವು ಏನಾದರೂ ಕಮ್ಮಿ ಇದ್ದವಾ?

ಇನ್ನೊಂದು ವಿಷಯ, ಇದು ಮುಖ್ಯ. ನಿನ್ನ ಲೇಖನವನ್ನು ಕಡೂರಿನಲ್ಲೋ ಅರಸೀಕೆರೆಯಲ್ಲೋ ಒಬ್ಬ ತಾಯಿ ಓದುತ್ತಾಳೆ ಅಂದುಕೋ. ಗೇಮ್ ಅಂದ ಕೂಡಲೇ ಆಕೆಗೆ ಮೊಬೈಲ್‌ನಲ್ಲಿ ರಮ್ಮಿ ಆಡಿ ಸಂಬಳ ಕಳೆದುಕೊಂಡ ಮಗ ನೆನಪಾಗಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾನೂನು ಮಾಡಿದ್ದು 2025ರ ಆಗಸ್ಟ್‌ನಲ್ಲಿ. ಪೇಪರ್‌ನಲ್ಲಿ ಅದಕ್ಕೂ ಗೇಮಿಂಗ್ ಅಂತಲೇ ಹೆಸರು, ನೀನು ಬರೆಯುವುದಕ್ಕೂ ಅದೇ ಹೆಸರು. ಇವೆರಡೂ ಬೇರೆ ಅಂತ ಮೊದಲ ಪುಟದಲ್ಲೇ ಬಿಡಿಸಿ ಹೇಳು. ಆಕೆಯ ಸಿಟ್ಟು ನ್ಯಾಯವಾದದ್ದು ಅಂತಲೂ ಹೇಳು. ಅದು ಗೊತ್ತಾದರೆ ಆಕೆ ನಿನ್ನ ಜೊತೆ ಏಳನೇ ಪುಟದವರೆಗೂ ಬರುತ್ತಾಳೆ.

ಭಾಷೆ ಬಗ್ಗೆ ಒಂದು ಮಾತು. ‘ಸಂವಾದಾತ್ಮಕ ಮಾಧ್ಯಮದ ಸೌಂದರ್ಯಮೀಮಾಂಸೆ’ ಅಂತ ಒಂದು ಕಡೆ ಬರೆದಿದ್ದೀಯ. ಗೆಳೆಯರ ಜೊತೆ ಕೂತು ಆಡುವಾಗ ನೀನು ಹಾಗೆ ಮಾತಾಡುತ್ತೀಯಾ? ಲೆವೆಲ್, ಸೇವ್, ಔಟ್ ಅಂತ ಧಾರಾಳವಾಗಿ ಬರಿ. ಅದರ ಪಕ್ಕದಲ್ಲೇ ನಮ್ಮ ಗರ, ಕಾಯಿ, ಕಡಿಯುವುದು, ಹಣ್ಣಾಗುವುದು ಎಲ್ಲ ಬರಲಿ. ರಾತ್ರಿಯಿಡೀ ವೇಷ ಕಟ್ಟಿ ಕುಣಿಯುವುದನ್ನೂ ನಮ್ಮ ಜನ ಬಯಲಾಟ ಅಂದರು, ಸೂತ್ರದ ಗೊಂಬೆ ಆಡಿಸುವುದನ್ನೂ ಗೊಂಬೆಯಾಟ ಅಂದರು. ಆಟ ಅಂತ ಕರೆದದ್ದಕ್ಕೆ ಅದು ಯಾರಿಗೂ ಹಗುರವಾಗಿ ಕಾಣಲಿಲ್ಲ. ಇಷ್ಟು ಒಳ್ಳೆಯ ಮಾತು ಕೈಯಲ್ಲೇ ಇರುವಾಗ ಇಂಗ್ಲಿಷ್‌ನವರ ಜಗಳವನ್ನು ಇದ್ದ ಹಾಗೇ ಹೊತ್ತು ತರುವ ಅಗತ್ಯ ನಿನಗಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ‘ಪ್ಯಾಸೇಜ್’ ಇನ್ನೊಂದು ಸಲ ಆಡು, ಈ ಸಲ ಅವಳನ್ನು ಮುಟ್ಟದೆ ಹೋಗು. ಸಂದಿಗಳಲ್ಲಿ ನುಗ್ಗಿ ಪೆಟ್ಟಿಗೆಗಳನ್ನು ತೆಗಿ. ಎಲ್ಲಿ ಹಿಂತಿರುಗಿ ನೋಡಬೇಕು ಅನ್ನಿಸಿತು, ಎಲ್ಲಿ ಬೆರಳು ತಡೆಯಿತು, ಅಲ್ಲಲ್ಲೇ ಗುರುತು ಹಾಕಿಕೋ. ಕಲೆ ಅನ್ನೋ ಶಬ್ದ ಒಂದು ಸಲವೂ ಬರದ ಹಾಗೆ ನಾಲ್ಕು ಪುಟ ಬರಿ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬಾ, ಲ್ಯಾಪ್‌ಟಾಪ್ ತಾ. ತಿಂಡಿ ಮುಗಿಸಿಕೊಂಡು ಹಳೇಬೀಡಿಗೆ ಹೋಗೋಣ. ಆ ನಾಲ್ಕು ಪುಟವನ್ನು ಅಲ್ಲಿ ಜಗತಿ ಮೇಲೆ ಕೂತು ಓದಿ ಹೇಳು.

ಇಂತಿ,
ನಿನ್ನ ಅಕ್ಕ