ಹೂದಾನಿಯ ತಳದ ಚಿತ್ರವನ್ನೂ ಹಾಕಿ

ಮಾನ್ಯರೇ,

ಮಲೆನಾಡಿನ ಹಳೆಮನೆಗಳ ಸಾಮಾನು ಕುರಿತ ನಿಮ್ಮ ಪುರವಣಿ ಲೇಖನದಲ್ಲಿ ಹೊಗೆಬಣ್ಣದ ಗಾಜಿನ ಹೂದಾನಿಯೊಂದರ ಚಿತ್ರವಿತ್ತು. ‘ಅಚ್ಚಿಲ್ಲದೆ ಬಾಯಿಂದ ಊದಿ ಮಾಡಿದ, 100 ವರ್ಷ ದಾಟಿದ ಬೊಹೀಮಿಯಾ ಗಾಜು’ ಎಂದು ಅಡಿಬರಹ. ಆದರೆ ಬದಿಯಲ್ಲಿ ಅಚ್ಚಿನ ಗೆರೆ ಎದ್ದು ಕಾಣುತ್ತಿದೆಯಲ್ಲ!

ಈ ಗೆರೆಯ ಹೆಸರಲ್ಲಿ ನಮ್ಮ ಕಡೆ ಒಳ್ಳೇ ವ್ಯಾಪಾರ ನಡೆದಿದೆ. ಹೊಸನಗರ, ತೀರ್ಥಹಳ್ಳಿ ಕಡೆ ಹಳೆಮನೆ ಬಿಚ್ಚುತ್ತಾರೆಂದು ಗೊತ್ತಾದರೆ ಸಾಕು, ಕಂಬ, ಬಾಗಿಲ ಜೊತೆ ಗಾಜಿನ ಸಾಮಾನು ಕೇಳುವವರೂ ಹಾಜರ್. ‘ಅಮ್ಮಾ, ಇದು ಒಡೆದು ಅಂಟಿಸಿದ್ದು, ಗೆರೆ ನೋಡಿ’ ಎಂದು ಚಿಲ್ಲರೆ ಕಾಸಿಗೆ ಒಯ್ಯುತ್ತಾರೆ. ಪೇಟೆ ಅಂಗಡಿಯಲ್ಲಿ ಅದೇ ಗೆರೆ ಗೋಡೆ ಕಡೆ ತಿರುಗಿರುತ್ತದೆ.

ಪ್ರೆಸ್ ಗಾಜಿನಲ್ಲಿ ಗೆರೆ ಸಹಜ. ಕಾದ ಗಾಜನ್ನು ಕಬ್ಬಿಣದ ಅಚ್ಚಿಗೆ ಹಾಕಿ ಮೇಲಿಂದ ಲೋಹದ ದಿಂಡು ಒತ್ತುತ್ತಾರೆ; ಅಚ್ಚಿನ ತುಂಡುಗಳು ಕೂಡುವಲ್ಲಿ ಗೆರೆ ಮೂಡುತ್ತದೆ. ಅಚ್ಚಿನೊಳಗೆ ಊದಿದ ಗಾಜಿಗೂ ಗೆರೆ ಬರುವುದುಂಟು, ಆದ್ದರಿಂದ ಒಳಗೆ ಬೆರಳಾಡಿಸಬೇಕು. ಊದಿದ್ದಾದರೆ ಹೊರಗಿನ ಉಬ್ಬುತಗ್ಗು ಒಳಗೂ ಸಿಗುತ್ತದೆ. ಒತ್ತಿದ್ದಾದರೆ ಒಳಮೈ ಸಾಮಾನ್ಯವಾಗಿ ನುಣುಪು. ದಿಂಡು ಮೇಲೆ ಬರಬೇಕಲ್ಲ, ಹಾಗಾಗಿ ಒಳಭಾಗ ತಳದ ಕಡೆ ಕಿರಿದು.

ಒತ್ತಿದ್ದು ಎಂದರೆ ಕೀಳಲ್ಲ. 1965ರಲ್ಲಿ, ಬೊಹೀಮಿಯಾ ಸೇರಿದ್ದ ಚೆಕೊಸ್ಲೊವಾಕಿಯಾದ ರುಡಾಲ್ಫೋವಾ ಹುತ್, ರೊಸಿತ್ಸೆ ಮೊದಲಾದ ಗಾಜಿನ ಕಾರ್ಖಾನೆಗಳು ‘ಸ್ಕ್ಲೋ ಯೂನಿಯನ್’ ಎಂಬ ಸಂಸ್ಥೆಯ ಅಡಿ ಸೇರಿದವು. ಫ್ರಾಂಟಿಶೆಕ್ ವಿಜ್ನರ್, ಆಡಾಲ್ಫ್ ಮತೂರಾ, ರುಡಾಲ್ಫ್ ಯುರ್ನಿಕ್ಲ್ ಅವರಂಥವರು ಈ ಅಚ್ಚುಗಳಿಗೇ ವಿನ್ಯಾಸ ಮಾಡಿದರು. ಸಂಗ್ರಹಕಾರರು ಹುಡುಕುವುದು ಅದನ್ನೇ. ಅಂಟಿಸಿದ ಚೀಟಿ ತೊಳೆದಾಗ ಹೋಗಿರುತ್ತದೆ, ಗಾಜಿನಲ್ಲಿ ಗುರುತು ಇರುವುದು ಅಪರೂಪ. ಎತ್ತರ ಅಳೆದು, ತಳದ ಆಕಾರ ನೋಡಿ ಕಾರ್ಖಾನೆಯ ಹಳೆ ಕ್ಯಾಟಲಾಗಿನ ಚಿತ್ರಕ್ಕೆ ಹೋಲಿಸುವುದೇ ಗಟ್ಟಿ ದಾರಿ. ‘ಚೆಕೊಸ್ಲೊವಾಕಿಯಾ’ ಮುದ್ರೆಯಿದ್ದರೂ ಅದು 1918ರಿಂದ 1992ರವರೆಗಿನ ದೇಶದ ಹೆಸರು ಎಂಬುದು ನೆನಪಿರಲಿ. ನೇರಳಾತೀತ (ಯುವಿ) ಟಾರ್ಚಿಗೆ ಹಸಿರಾಗಿ ಹೊಳೆಯಿತೆಂದು ಕುಣಿಯಬೇಕಿಲ್ಲ. ಯುರೇನಿಯಂ ಬೆರೆಸಿದ ಗಾಜು ಬೇರೆ ದೇಶಗಳಲ್ಲೂ ಆಗಿದೆ.

ಇನ್ನು, ನಿಜವಾಗಿ 100 ವರ್ಷ ದಾಟಿದ ಕುಶಲ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ‘ಆಂಟಿಕ್’ ಎನ್ನುವ ಅಂಗಡಿಯವರು ಆ ಪರವಾನಗಿ ತೋರಿಸಲಿ, ಇಲ್ಲವೇ ಬಿಲ್ಲಿನಲ್ಲಿ ‘ಪ್ರೆಸ್ ಗಾಜು’ ಎಂದು ಬರೆದುಕೊಡಲಿ. ನೀವೂ ಮುಂದಿನ ಸಲ ಹೂದಾನಿಯ ತಳ ಮತ್ತು ಒಳಬದಿಯ ಚಿತ್ರಗಳನ್ನು ಅಚ್ಚು ಹಾಕಿ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಸಾಗರ