ಜಗಳಗಂಟಿ ಪಾರ್ಟು ಸಿಕ್ಕಿತು ಅಂತ ಅಳ್ತೀಯಾ?

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಸೀರಿಯಲ್ಲಿನಲ್ಲಿ ಜಗಳಗಂಟಿ ಹೆಂಡತಿ ಪಾರ್ಟು ಕೊಟ್ಟರು, ಸೊಪ್ಪು ಮಾರುವವಳೂ ಬೈಯುತ್ತಾಳೆ ಅಂದೆ. ಅದರ ಜೊತೆಗೆ ಮದುವೆಯ ಭಯ ಬೇರೆ. ಇಬ್ಬರೂ ಶೂಟಿಂಗ್ ಅಂತ ಊರೂರು ಅಲೆದರೆ ಸಂಸಾರ ಹೇಗೆ ಅಂತ. ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ, ಅದಕ್ಕೇ ಈ ಕಾಗದ.

ಪ್ರುನೆಲ್ಲಾ ಸ್ಕೇಲ್ಸ್ ಅಂತ ಒಬ್ಬರು ಇಂಗ್ಲಿಷ್ ನಟಿ ಇದ್ದರು. ಬಿಬಿಸಿಯ ‘ಫಾಲ್ಟಿ ಟವರ್ಸ್’ ಅನ್ನುವ ನಗೆ ಸೀರಿಯಲ್ಲಿನಲ್ಲಿ ಹೋಟೆಲ್ ಮಾಲೀಕನ ಹೆಂಡತಿ ಸಿಬಿಲ್ ಆಗಿದ್ದವರು. 1975ರಲ್ಲಿ 6 ಕಂತು, 1979ರಲ್ಲಿ 6 ಕಂತು, ಅಷ್ಟೇ. ನಿಮ್ಮ ಸೀರಿಯಲ್ಲುಗಳಲ್ಲಿ ಅಷ್ಟರಲ್ಲಿ ಒಂದು ನಿಶ್ಚಿತಾರ್ಥವೂ ಮುಗಿಯುವುದಿಲ್ಲ, ಅಲ್ವಾ? ಸಿಬಿಲ್ ಗಂಡನನ್ನು ಗದರುತ್ತಾಳೆ. ಫೋನ್ ಹಿಡಿದು ಗೆಳತಿಗೆ “ಗೊತ್ತು, ಗೊತ್ತು” ಅನ್ನುತ್ತಾ ಕೂರುತ್ತಾಳೆ. ನಕ್ಕರೆ ಕಿವಿ ಮುಚ್ಚಿಕೊಳ್ಳಬೇಕು!

ಆ ಪಾರ್ಟು ಬಂದಾಗ ಆಕೆ ಅಳಲಿಲ್ಲ. ಕಥೆ ಬರೆದವರಲ್ಲಿ ಒಬ್ಬರಾದ, ಗಂಡನ ಪಾತ್ರ ಮಾಡುತ್ತಿದ್ದ ಜಾನ್ ಕ್ಲೀಸ್ ಹತ್ತಿರ ಹೋಗಿ, “ಇವರಿಬ್ಬರು ಮದುವೆಯಾಗಿದ್ದಾದರೂ ಯಾಕೆ?” ಅಂತ ಕೇಳಿದರು. ಆತ ತಬ್ಬಿಬ್ಬಾದ. ಕೊನೆಗೆ ಆಕೆಯೇ ಕೂತು ಯೋಚಿಸಿದರು. ಸಿಬಿಲ್ ಊಟ-ತಿಂಡಿ ವ್ಯಾಪಾರದ ಮನೆಯ ಹುಡುಗಿ. ಇವನು ನಮಗಿಂತ ದೊಡ್ಡ ಮನೆಯವನು ಅಂತ ಮರುಳಾಗಿ ಕಟ್ಟಿಕೊಂಡಳು. ಆಮೇಲೆ ಗೊತ್ತಾಯಿತು, ಆಸಾಮಿ ಕೈಲಾಗದವನು. ಈಗ ಆ ಗದರಿಕೆಗೆ ಒಂದು ಅರ್ಥ ಬಂತು ನೋಡು. ನೀನೂ ನಾಳೆ ಸೆಟ್ಟಿಗೆ ಹೋಗುವ ಮುಂಚೆ ಈ ಪ್ರಶ್ನೆ ಕೇಳಿಕೋ. ನಿನ್ನ ಹುಡುಗನ ವಿಷಯದಲ್ಲೂ ಕೇಳಿಕೋ, ತಪ್ಪಿಲ್ಲ.

ಅವರು ಮದುವೆಯಾಗಿದ್ದು 1963ರಲ್ಲಿ, ಟಿಮೊಥಿ ವೆಸ್ಟ್ ಅನ್ನುವ ನಟನನ್ನು. ಆತನಿಗೆ ಮೊದಲ ಮದುವೆಯ ಮಗಳಿದ್ದಳು. ಇವರಿಗೆ ಇಬ್ಬರು ಗಂಡುಮಕ್ಕಳು, ಅದರಲ್ಲಿ ಸ್ಯಾಮ್ಯುಯೆಲ್ ಕೂಡ ನಟನೇ. ನಾಟಕ ಅಂತ ಆತ ಊರೂರು ತಿರುಗುವಾಗ ಅಲ್ಲಿಂದಲೇ ಹೆಂಡತಿಗೆ ಕಾಗದ ಬರೆಯುತ್ತಿದ್ದ. ಅವು ಆಮೇಲೆ ಪುಸ್ತಕವೇ ಆದವು. ನಿಮ್ಮ ದೊಡ್ಡಪ್ಪ ವರ್ಗವಾಗಿ ಮೂರು ವರ್ಷ ಬೇರೆ ಊರಲ್ಲಿದ್ದಾಗ ನನಗೆ ಬರೆದಿದ್ದು ಒಂದೇ ಕಾರ್ಡು. ಅದರಲ್ಲೂ ಎಲ್‌ಐಸಿ ರಸೀದಿ ಎಲ್ಲಿದೆ ಅಂತ ಕೇಳಿದ್ದರು! ನಾನೂ ಬರೆಯಲಿಲ್ಲ, ಆ ಮಾತು ಬೇರೆ. ಮೂರು ವರ್ಷದ ಮಾತು ಹಾಗೇ ಉಳಿದುಹೋಯಿತು.

ವಯಸ್ಸಾದ ಮೇಲೆ ಪ್ರುನೆಲ್ಲಾ ಅವರಿಗೆ ಮರೆವಿನ ಕಾಯಿಲೆ ಬಂತು. ಗಂಡ ಅದನ್ನು ಮುಚ್ಚಿಡಲಿಲ್ಲ. 2014ರಿಂದ ಚಾನೆಲ್ 4ರಲ್ಲಿ ಇಬ್ಬರೂ ಕಾಲುವೆಗಳಲ್ಲಿ ದೋಣಿ ಪ್ರಯಾಣ ಮಾಡುವ ಕಾರ್ಯಕ್ರಮ ಬಂತು. ಉದ್ದನೆಯ ಕಿರಿದಾದ ದೋಣಿ, ಹೆಚ್ಚುಕಮ್ಮಿ ನಡೆದು ಹೋಗುವವರ ವೇಗ, ಅಷ್ಟೇ. ಹಿಂದುಗಡೆ ಆತ ಚುಕ್ಕಾಣಿ ಹಿಡಿದು ನಿಂತಿರುತ್ತಾನೆ, ಪಕ್ಕದಲ್ಲಿ ಆಕೆ. ನಿನ್ನೆಯದು ನೆನಪಿರದಿದ್ದರೂ ಕಣ್ಣೆದುರಿನ ಮರ, ನೀರು ನೋಡಿ ಮುಖ ಅರಳುತ್ತದೆ. ಯೂಟ್ಯೂಬಿನಲ್ಲಿ ತುಣುಕು ಸಿಕ್ಕರೆ ನೋಡು.

2024ರ ನವೆಂಬರಿನಲ್ಲಿ ಆತ ಹೋದ. ಅಲ್ಲಿಗೆ 61 ವರ್ಷದ ಸಂಸಾರ. ಮರುವರ್ಷ ಅಕ್ಟೋಬರಿನಲ್ಲಿ ಆಕೆಯೂ ಹೋದರು, 93 ವರ್ಷ. ಹಿಂದಿನ ದಿನ ಮನೆಯಲ್ಲಿ ‘ಫಾಲ್ಟಿ ಟವರ್ಸ್’ ನೋಡುತ್ತಿದ್ದರಂತೆ, ಮಕ್ಕಳು ಹೇಳಿದ್ದಾರೆ.

ಸೊಪ್ಪಿನವಳು ಬೈದರೆ ಒಂದು ಕಟ್ಟು ಜಾಸ್ತಿ ಕೇಳು, ಕೊಡುತ್ತಾಳೆ. ಚಟ್ನಿಪುಡಿ ಕಳಿಸಿದ್ದೇನೆ, ಡಬ್ಬ ವಾಪಸ್ ತಾ. ಅದಕ್ಕಿಂತ ಮುಂಚೆ ಒಂದು ಕಾಗದ ಬರಿ.

ಇತಿ ನಿನ್ನ ದೊಡ್ಡಮ್ಮ