ಅಪ್ಪನಿಗೆ, ದುರ್ಬೀನಿನ ವಿಚಾರ

ಡೆನ್ವರ್, ಕೊಲರಾಡೋ
ಸೆಪ್ಟೆಂಬರ್ 28

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ತೋಟಕ್ಕೆ ಮೂರನೇ ಸಲ ಕೊಳೆ ಔಷಧಿ ಹೊಡೆಸಿದ್ರಾ?

ಆಫೀಸಿನ ಗೆಳೆಯನ ಜೊತೆ ಅಕ್ಟೋಬರ್ ಮಧ್ಯದಲ್ಲಿ ಎಲ್ಕ್ ಶಿಕಾರಿಗೆ ಹೋಗ್ತೀನಿ ಅಂತ ಹೇಳಿದ್ದೆನಲ್ಲ. ಹೆದರಬೇಡ ಅಂತ ಅಮ್ಮನಿಗೆ ಹೇಳಿ. ಲೈಸೆನ್ಸು, ಕೋವಿ ಎರಡೂ ಅವನದು. ಪ್ರಾಣಿ ಹುಡುಕುವುದು, ಮಾಂಸ ಹೊರುವುದು ಇಷ್ಟೇ ನನ್ನ ಕೆಲಸ. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಯದೇ, ಇನ್ನೂ ದೊಡ್ಡದು. ಬೆಳೆದ ಗಂಡು ಸುಮಾರು 300 ಕೆಜಿ ತೂಗುತ್ತದೆ.

ಕೋವಿಯೇ ಇಲ್ಲದವನಿಗೆ ಅಷ್ಟು ದುಡ್ಡಿನ ದುರ್ಬೀನು ಯಾಕೆ ಅಂತ ಕೇಳಿದಿರಿ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಕಂಡದ್ದಕ್ಕೆಲ್ಲ ಈಡು ಹೊಡೆಯುವ ಹಾಗಿಲ್ಲ. ಕೊಲರಾಡೋದಲ್ಲಿ ಬಹಳ ಕಡೆ ಗಂಡು ಎಲ್ಕಿನ ಒಂದು ಕೊಂಬಿಗಾದರೂ 4 ಕವಲು ಇರಬೇಕು. ಇಲ್ಲವೇ ಹುಬ್ಬಿನ ಹತ್ತಿರದ ಕವಲು 5 ಇಂಚಾದರೂ ಇರಬೇಕು. ಅದನ್ನು ಅಷ್ಟು ದೂರದಿಂದ, ಮರಗಳ ಸಂದಿಯಲ್ಲಿ ಎಣಿಸಬೇಕು. ಅದೇ ಕಾಡಿನಲ್ಲಿ ಮೂಸ್ ಅನ್ನೋ ಇನ್ನೊಂದು ದೊಡ್ಡ ಜಿಂಕೆ ಜಾತಿಯೂ ಇರುತ್ತದೆ. ಎಲ್ಕ್ ಅಂದುಕೊಂಡು ಮೂಸ್ ಹೊಡೆದು ಕೇಸು ಹಾಕಿಸಿಕೊಂಡವರಿದ್ದಾರೆ. ಎಲ್ಕಿನ ಹಿಂಭಾಗ ತಿಳಿ ಬಣ್ಣ. ಮೂಸ್ ಮೈಯೆಲ್ಲ ಕಪ್ಪುಗಂದು, ಮೂತಿ ದಪ್ಪ.

ಕೋವಿಯ ಮೇಲೆ ಕೂರಿಸಿದ ಸ್ಕೋಪಿನಲ್ಲೇ ನೋಡಬಹುದಲ್ವಾ ಅಂದಿರಿ. ಬೇಡ ಅಪ್ಪ. ಆ ಕಡೆ ಇರೋದು ಮನುಷ್ಯನಾಗಿದ್ದರೆ ಅವನ ಎದೆಗೇ ಕೋವಿ ಹಿಡಿದ ಹಾಗಾಯಿತು. ನಮ್ಮೂರಲ್ಲಿ ಹಂದಿ ಅಂತ ಪೊದೆಗೆ ಹೊಡೆದು ಆದ ಅನಾಹುತದ ಕತೆ ಹೇಳಿದ್ದು ನೀವೇ. ಅವತ್ತು ನಿಮ್ಮ ಮುಖ ಹೇಗಾಗಿತ್ತು ಅನ್ನೋದು ನನಗಿನ್ನೂ ನೆನಪಿದೆ. ಮೊದಲು ದುರ್ಬೀನು, ಆಮೇಲೆ ಕೋವಿ ಅಂತ ಗೆಳೆಯನೂ ಹೇಳುತ್ತಾನೆ.

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಒಂದು ತರಿಸಿದ್ದೆ. ಮೇಲೆ 30×60 ಅಂತ ಬರೆದಿತ್ತು. ಕಣ್ಣಿಗಿಟ್ಟರೆ ಬರೀ ಮಬ್ಬು, ಉಸಿರೆಳೆದರೂ ಚಿತ್ರ ಕುಣಿಯುತ್ತಿತ್ತು. ಜಾಸ್ತಿ ಹತ್ತಿರ ತೋರಿಸೋದೇ ಒಳ್ಳೆಯದು ಅಂತ ಆಗ ನಂಬಿದ್ದೆ. ಈಗ ಲೆಕ್ಕ ಕಲಿತೆ. 10×42 ಅಂದರೆ 10 ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 42ನ್ನು 10ರಿಂದ ಭಾಗಿಸಿ, 4.2 ಬಂತು. ಅದು ಕಣ್ಣೊಳಗೆ ಬರುವ ಬೆಳಕಿನ ಅಗಲ. ದುರ್ಬೀನನ್ನು ಕೈ ಚಾಚಿ ಕಿಟಕಿಯ ಕಡೆ ಹಿಡಿದರೆ ಆ ಬೆಳಕು ಕಣ್ಣಿಗಿಡುವ ಗಾಜಿನಲ್ಲಿ ದುಂಡಗೆ ಕಾಣುತ್ತದೆ. 10×42ರಲ್ಲಿ ಕಾಳುಮೆಣಸಿನಷ್ಟು. ಜೇಬಿಗೆ ಹಿಡಿಯುವ 10×25ರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಮಧ್ಯಾಹ್ನ ಇದರಿಂದ ಏನೂ ವ್ಯತ್ಯಾಸವಿಲ್ಲ. ಆದರೆ ಎಲ್ಕ್ ಬಯಲಿಗೆ ಬರೋದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಹೊಡೆಯಲು ಅನುಮತಿ ಇರೋದೂ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ, ಮುಳುಗಿದ ಅರ್ಧ ಗಂಟೆವರೆಗೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿರುತ್ತದೆ, ಅದಕ್ಕೆ ಸಾಸಿವೆಯಷ್ಟು ಬೆಳಕು ಸಾಲದು.

ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಒಂದೇ ಥರ ಚೆನ್ನಾಗಿ ಕಾಣುತ್ತವೆ. ಹಾಗಾಗಿ ಸಂಜೆ ಹೊತ್ತಿಗೆ ಹೋಗಿ, ಕೇಳಿಕೊಂಡು, ನಾಲ್ಕನ್ನು ಹೊರಗೆ ತಂದು ರಸ್ತೆಯಾಚೆ ಮರದ ಬುಡದ ಕತ್ತಲನ್ನು ನೋಡಿದೆ. ಅಲ್ಲೊಂದು ಹಳೇ ಬೋರ್ಡು ಇತ್ತು. ಎರಡರಲ್ಲಿ ಅಕ್ಷರ ಮೊದಲೇ ಕರಗಿಹೋಯಿತು. ಸ್ವರೋವ್‌ಸ್ಕಿ ಅನ್ನೋ ಹೆಸರಾಂತ ಕಂಪನಿಯದರಲ್ಲಿ ಮಾತ್ರ ಕೊನೆವರೆಗೂ ಓದಲು ಬಂತು, ಅದು ಸುಮ್ನೆ ಹೆಸರಲ್ಲ. ಆದರೆ ಬೆಲೆ 2,000 ಡಾಲರ್ ದಾಟಿತ್ತು. ನಾನು ಅದರ ನಂತರದ್ದು, 400 ಡಾಲರಿನ 10×42 ತೆಗೆದುಕೊಂಡೆ. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ಚಳಿಯಲ್ಲಿ ಒಳಗಿನ ಗಾಜಿಗೆ ಹಬೆ ಕಟ್ಟುವುದಿಲ್ಲ. ಕನ್ನಡಕ ಹಾಕಿಕೊಂಡೇ ಪೂರ್ತಿ ಚಿತ್ರ ಕಾಣುತ್ತದೆ. 12×50 ಕೈಯಲ್ಲಿ ನಿಲ್ಲಲಿಲ್ಲ, ಅದಕ್ಕೆ ಟ್ರೈಪಾಡ್ ಬೇಕು.

ಹೋದ ಭಾನುವಾರ ನಸುಕಿಗೇ ಅಭ್ಯಾಸಕ್ಕೆ ಅಂತ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಮೊರೇನ್ ಪಾರ್ಕ್ ಬಯಲಿಗೆ ಹೋಗಿದ್ದೆವು. ಅಲ್ಲಿ ಶಿಕಾರಿ ಇಲ್ಲ, ನೋಡೋದು ಮಾತ್ರ. ಈಗ ಅವುಗಳ ಬೆದೆಯ ಕಾಲ. ಮೊಣಕೈ ಮಂಡಿಗೆ ಊರಿ ಕೂರು, ಪ್ರಾಣಿಯನ್ನು ಹುಡುಕಬೇಡ, ನೆಟ್ಟಗಿರುವ ಮರಗಳ ನಡುವೆ ಅಡ್ಡ ಗೆರೆ ಹುಡುಕು, ಅದು ಬೆನ್ನಾಗಿರುತ್ತದೆ ಅಂತ ಗೆಳೆಯ ಹೇಳಿಕೊಟ್ಟ. ಅರ್ಧ ಗಂಟೆ ಏನೂ ಕಾಣಲಿಲ್ಲ. ಬಿದ್ದ ಮರ ಅಂದುಕೊಂಡಿದ್ದ ಗೆರೆಯ ತುದಿಯಲ್ಲಿ ಒಂದು ಕಿವಿ ಅಲ್ಲಾಡಿತು. ಆಮೇಲೆ ಆ ಗಂಡು ಕತ್ತೆತ್ತಿ ಕೂಗಿತು. ಬಾಯಿಂದ ಹಬೆ ಹೊರಟು ಕೊಂಬಿನ ಮಧ್ಯೆ ಹರಡಿದ್ದು ನನಗೆ ಮೊದಲು ಕಂಡಿತು, ಕೂಗು ಒಂದು ಕ್ಷಣ ತಡವಾಗಿ ಕೇಳಿತು. ಕವಲು ಎಣಿಸಿದೆ. ಒಂದೊಂದು ಕಡೆ 6. ನೀವು ಪಕ್ಕದಲ್ಲಿ ಇರಬೇಕಿತ್ತು.

ನಿಮಗೂ ಒಂದು ತರುತ್ತೇನೆ, ಬೇಡ ಅನ್ನಬೇಡಿ. ನಿಮಗೆ 8×42 ಸರಿ. ಕೈ ನಡುಕ ಅಷ್ಟು ಗೊತ್ತಾಗಲ್ಲ, ಸಂಜೆ ಹೊತ್ತು ಗುಡ್ಡದಿಂದ ತೋಟಕ್ಕೆ ಇಳಿಯುವ ಕಾಟಿಯನ್ನು ಜಗಲಿಯಲ್ಲೇ ಕೂತು ನೋಡಬಹುದು. ಒಂದು ಕೆಲಸ ಮಾಡಿ. ನಿಮ್ಮ ಕನ್ನಡಕದ ಚೀಟಿಯಲ್ಲಿ ಪಿ.ಡಿ. ಅಂತ ಬರೆದು 62, 64 ಥರದ ಒಂದು ಅಂಕಿ ಇರಬಹುದು. ಎರಡು ಕಣ್ಣಿನ ನಡುವಿನ ಅಂತರ ಅದು. ದುರ್ಬೀನು ಅಷ್ಟಕ್ಕೆ ಹೊಂದಬೇಕು. ಚೀಟಿಯಲ್ಲಿ ಇಲ್ಲದಿದ್ದರೆ ಪೇಟೆಗೆ ಹೋದಾಗ ಕನ್ನಡಕದ ಅಂಗಡಿಯಲ್ಲಿ ಅಳತೆ ಮಾಡಿಸಿ, ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗ